ಗೊತ್ತಿರೋರು ಯಾಕೆ ಸುಮ್ಮನಾಗ್ತಿದ್ದಾರೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಸುಮಾರು ಪತ್ರ ಒಂದೇ ವಿಷಯದ ಮೇಲಿತ್ತು, ಪ್ರೋಗ್ರಾಮಿಂಗ್ ಭಾಷೆಗಳ ಬಗ್ಗೆ ಆನ್‌ಲೈನ್‌ನಲ್ಲಿ ನಡೆಯೋ ಮಾತುಕತೆ ಕೆಟ್ಟುಹೋಗ್ತಿದೆ ಅನ್ನೋದು. ಹಂಗಾಗಿ ಈ ಕಂತು ಪೂರ್ತಿ ಅದಕ್ಕೇ ಇಟ್ಟಿದ್ದೀನಿ.

ಪ್ರಶ್ನೆ: ಕಾಲೇಜು ಮುಗಿಸಿದಾಗಿಂದ ಪೈಥಾನ್‌ನಲ್ಲೇ ಕೆಲಸ ಮಾಡ್ಕೊಂಡು ಬಂದಿದ್ದೀನಿ. ಮುಂಚೆ ಯಾರಾದ್ರೂ ಒಂದು ಡೌಟ್ ಕೇಳಿದ್ರೆ ಅದರ ಕೆಳಗೆ ನಡೆಯೋ ಚರ್ಚೆ ಓದ್ಕೊಂಡೇ ಎಷ್ಟೋ ಕಲಿತ್ವಿ, ವ್ಯಾಲ್ಯೂಗಳನ್ನ ಒಂದೊಂದಾಗಿ ಕೊಡೋ ಜನರೇಟರ್ ಹೆಂಗೆ ಕೆಲಸ ಮಾಡುತ್ತೆ, ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸೋ ಹಾಗೆ ಮಾಡೋ ಬೀಗ) ಯಾಕಿದೆ ಅಂತೆಲ್ಲ. ಈಗ ನೋಡಿದ್ರೆ ಬರೀ "ಪೈಥಾನ್ ಕಲಿತ್ರೆ ಕೆಲಸ ಸಿಗುತ್ತಾ", "ಯಾವ ಎಡಿಟರ್ ಬೆಸ್ಟು", "ರಸ್ಟ್ ಮುಂದೆ ಪೈಥಾನ್ ವೇಸ್ಟಾ". ಸ್ವಲ್ಪ ಆಳವಾದ್ದು ಹಾಕಿದ್ರೆ ಒಬ್ಬರೂ ಮಾತಾಡಲ್ಲ. ಹೊಸಬರು ದಂಡುದಂಡಾಗಿ ಬಂದಿದ್ದಕ್ಕೇ ಹಿಂಗಾಯ್ತು ಅಂತ ನಂಗನ್ಸುತ್ತೆ. ಸರಿನಾ?
– ಬೆಂಗಳೂರಿಂದ ಒಬ್ಬ ಓದುಗರು

ಉತ್ತರ: ನಿಮ್ಮ ಬೇಜಾರು ನಂಗೆ ಅರ್ಥ ಆಗುತ್ತೆ, ಆದ್ರೆ ಕಾರಣ ಅದಲ್ಲ ಅಂತ ನನ್ನ ನಂಬಿಕೆ. ಈ ದೂರು ತುಂಬಾ ಹಳೇದು. ಯೂಸ್‌ನೆಟ್ (ವೆಬ್‌ಗಿಂತ ಮುಂಚಿನ ಚರ್ಚಾಗುಂಪುಗಳ ಜಾಲ) ಕಾಲದಲ್ಲಿ ಅಮೆರಿಕದ ಯೂನಿವರ್ಸಿಟಿಗಳಲ್ಲಿ ಪ್ರತಿ ಸೆಪ್ಟೆಂಬರ್‌ಗೆ ಹೊಸ ವಿದ್ಯಾರ್ಥಿಗಳಿಗೆ ಅಕೌಂಟ್ ಸಿಗ್ತಿತ್ತು, ಅವರು ಬಂದು ಬಾಯಿಗೆ ಬಂದಿದ್ದು ಕೇಳಿ, ಬೈಸ್ಕೊಂಡು, ಅಲ್ಲಿನ ರೀತಿನೀತಿ ಕಲಿತು ಒಂದೆರಡು ತಿಂಗಳಲ್ಲಿ ಹೊಂದಿಕೊಂಡುಬಿಡ್ತಿದ್ರು. ಆಮೇಲೆ 1993-94ರ ಹೊತ್ತಿಗೆ ಎಒಎಲ್‌ನಂಥ ಇಂಟರ್ನೆಟ್ ಕಂಪನಿಗಳು ತಮ್ಮ ಗಿರಾಕಿಗಳಿಗೆಲ್ಲ ಯೂಸ್‌ನೆಟ್ ಕೊಟ್ಟುಬಿಟ್ವು, ಬರೋರ ಸಾಲು ಮುಗೀಲೇ ಇಲ್ಲ, ಹಳಬರು "1993ರ ಸೆಪ್ಟೆಂಬರ್ ಇನ್ನೂ ನಡೀತಾನೇ ಇದೆ" ಅಂತ ಹೇಳೋಕೆ ಶುರು ಮಾಡಿದ್ರು. ಆ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ.

ಇದನ್ನ ಎಲ್ಲರೂ ಹೊಸಬರ ತಪ್ಪು ಅನ್ನೋ ಥರ ಹೇಳ್ತಾರೆ. ನಂಗೆ ಇದರಲ್ಲಿ ಕಾಣೋದು ಬೇರೆ. ಆ ವರ್ಷಗಳ ಮುಂಚೆನೂ ಹೊಸಬರು ಬರ್ತಾನೇ ಇದ್ರು, ಅದೇ ದಡ್ಡ ಪ್ರಶ್ನೆ ಕೇಳ್ತಾನೇ ಇದ್ರು, ಆದ್ರೆ ಕೂತು ಹೇಳಿಕೊಡೋಕೆ ಸಾಕಾಗೋಷ್ಟು ಹಳಬರು ಇದ್ರು. ಆಮೇಲೆ ಕೇಳೋರ ಸಂಖ್ಯೆ ಏರಿದ ಹಾಗೆ ಹೇಳೋರ ಸಂಖ್ಯೆ ಏರಲಿಲ್ಲ, ಇದ್ದವರಿಗೂ ಸುಸ್ತಾಯ್ತು. ಏರಿಸೋಕೆ ಆಗಲ್ಲ ಅಂತೇನಿಲ್ಲ, ಅದಕ್ಕೆ ಒಬ್ಬರು ನಿಂತು ಕೆಲಸ ಮಾಡ್ಬೇಕು ಅಷ್ಟೆ. ಸಿ ಭಾಷೆಯ ಯೂಸ್‌ನೆಟ್ ಗುಂಪಲ್ಲಿ ಸ್ಟೀವ್ ಸಮ್ಮಿಟ್ ಅನ್ನೋರು ಪದೇ ಪದೇ ಬರೋ ಪ್ರಶ್ನೆಗಳನ್ನೆಲ್ಲ ಒಟ್ಟು ಮಾಡಿ, ನಲ್ ಪಾಯಿಂಟರ್ ಅಂದ್ರೇನು, ಅರೇನೂ ಪಾಯಿಂಟರೂ ಒಂದೇನಾ, ಇಂಥವಕ್ಕೆಲ್ಲ ಎಷ್ಟು ಶ್ರದ್ಧೆಯಿಂದ ಉತ್ತರ ಬರೆದು ತಿಂಗಳು ತಿಂಗಳೂ ಹಾಕ್ತಿದ್ರು ಅಂದ್ರೆ, ಇವತ್ತು ಓದಿದ್ರೂ ಅದು ಉಪಯೋಗಕ್ಕೆ ಬರುತ್ತೆ. ಪೈಥಾನ್‌ನವರೂ ಹೊಸಬರಿಗೆ ಅಂತಲೇ "ಟ್ಯೂಟರ್" ಅನ್ನೋ ಬೇರೆ ಮೇಲಿಂಗ್ ಲಿಸ್ಟ್ ಇಟ್ಟಿದ್ರು, ಅಲ್ಲಿ ಫಾರ್ ಲೂಪ್ ಬಗ್ಗೆ ಕೇಳಿದ್ರೂ ಮರ್ಯಾದೆಯಿಂದ ಪ್ಯಾರಾಗಟ್ಟಲೆ ಉತ್ತರ ಬರ್ತಿತ್ತು.

ಹಾಗಾದ್ರೆ ಗೊತ್ತಿರೋರು ಯಾಕೆ ಮಾತು ಬಿಡ್ತಾರೆ? ಸಮಯ ಇಲ್ಲ ಅನ್ನೋದು ಒಂದು, ಅದು ಯಾವಾಗಲೂ ಇದ್ದಿದ್ದೇ. ದೊಡ್ಡ ಕಾರಣ ಅಂದ್ರೆ ಚರ್ಚೆ ಯಾವಾಗಲೂ ಸುಲಭದ ಕಡೆಗೇ ಜಾರುತ್ತೆ, ಕಷ್ಟದ್ದನ್ನ ಬಲ್ಲೋರಿಗೆ ಅಲ್ಲಿ ಮಾಡೋಕೆ ಕೆಲಸ ಉಳಿಯಲ್ಲ. ಹ್ಯಾಸ್ಕೆಲ್ ಭಾಷೆ ಕಟ್ಟಿದವರಲ್ಲಿ ಒಬ್ಬರಾದ ಫಿಲಿಪ್ ವಾಡ್ಲರ್ 1990ರ ದಶಕದಲ್ಲೇ ಇದನ್ನ ಒಂದು ನಿಯಮದ ಥರ ಬರೆದಿಟ್ಟಿದ್ದಾರೆ. ಭಾಷೆಯ ವಿನ್ಯಾಸದ ಬಗ್ಗೆ ಮಾತಾಡುವಾಗ ಅರ್ಥದ ಮೇಲೆ, ಅಂದ್ರೆ ಪ್ರೋಗ್ರಾಂ ನಿಜವಾಗಿ ಏನು ಮಾಡುತ್ತೆ ಅನ್ನೋದರ ಮೇಲೆ ಎಷ್ಟು ಚರ್ಚೆ ಆಗುತ್ತೋ ಅದರ ಎರಡರಷ್ಟು ಸಿಂಟ್ಯಾಕ್ಸ್, ಅಂದ್ರೆ ಕೋಡ್ ಬರೆಯೋ ರೀತಿ ಮೇಲೆ, ಅದರ ಎರಡರಷ್ಟು ಅಕ್ಷರ-ಚಿಹ್ನೆಗಳ ಮೇಲೆ, ಅದಕ್ಕೂ ಎರಡರಷ್ಟು ಕಾಮೆಂಟ್ (ಕೋಡ್ ಒಳಗೆ ಓದೋರಿಗೆ ಅಂತ ಬರೆಯೋ ಟಿಪ್ಪಣಿ) ಯಾವ ಚಿಹ್ನೆಯಿಂದ ಶುರು ಆಗ್ಬೇಕು ಅನ್ನೋದರ ಮೇಲೆ. ಕಾರಣ ಸರಳ, ಚಿಹ್ನೆ ಚೆನ್ನಾಗಿದೆಯೋ ಇಲ್ವೋ ಅಂತ ಹೇಳೋಕೆ ಎಲ್ಲರಿಗೂ ಬರುತ್ತೆ, ಅದು ಒಳಗೆ ಏನು ಬದಲಾಯಿಸುತ್ತೆ ಅಂತ ಹೇಳೋಕೆ ಓದಿರ್ಬೇಕು.

ಇದರ ಬೆಲೆ ಏನು ಅಂತ ಪೈಥಾನ್ ಜನ 2018ರಲ್ಲಿ ನೋಡಿದ್ರು. ಪೆಪ್ 572 ಅನ್ನೋ ಪ್ರಸ್ತಾವನೆ, ಕೋಲನ್ ಪಕ್ಕ ಈಕ್ವಲ್ ಹಾಕಿ ಒಂದು ಎಕ್ಸ್‌ಪ್ರೆಶನ್ ಒಳಗೇ ವ್ಯಾಲ್ಯೂಗೆ ಹೆಸರು ಕೊಡೋಕೆ ಬಿಡೋದು, ಈಗ ವಾಲ್‌ರಸ್ ಆಪರೇಟರ್ ಅಂತೀವಲ್ಲ ಅದು. ಅದರಲ್ಲಿ ನಿಜವಾಗಲೂ ಚರ್ಚಿಸಬೇಕಾದ ವಿಷಯ ಇತ್ತು, ಕಾಂಪ್ರಿಹೆನ್ಶನ್ (ಒಂದೇ ಸಾಲಲ್ಲಿ ಪಟ್ಟಿ ಕಟ್ಟೋ ರೀತಿ) ಒಳಗೆ ಬಳಸಿದ್ರೆ ಆ ಹೆಸರು ಯಾವ ಸ್ಕೋಪ್‌ಗೆ, ಅಂದ್ರೆ ಕೋಡ್‌ನ ಯಾವ ಭಾಗಕ್ಕೆ ಸೇರುತ್ತೆ ಅನ್ನೋದು ಚಿಕ್ಕ ಪ್ರಶ್ನೆ ಏನಲ್ಲ. ಆದ್ರೆ ತಿಂಗಳುಗಟ್ಟಲೆ ಸಾಲುಸಾಲು ಮೇಲ್ ಬಂದ್ವು, ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳಿದ್ರು, ಪ್ರಸ್ತಾವನೆ ಓದದೇ ಬರೆದವರೂ ಕಮ್ಮಿ ಇರಲಿಲ್ಲ. ಭಾಷೆ ಹುಟ್ಟುಹಾಕಿದ ಗೀಡೊ ವಾನ್ ರಾಸಮ್ ಅದನ್ನ ಒಪ್ಪಿಕೊಂಡ್ರು, ಒಪ್ಪಿಕೊಂಡ ಕೆಲವೇ ದಿನಕ್ಕೆ, ಅದೇ ವರ್ಷ ಜುಲೈ 12ಕ್ಕೆ, ಕೊನೇ ತೀರ್ಮಾನ ಹೇಳೋ ಜಾಗದಿಂದ ಕೆಳಗಿಳಿದ್ರು. ಒಂದು ಪ್ರಸ್ತಾವನೆಗೋಸ್ಕರ ಇಷ್ಟು ಹೋರಾಡಿ, ಕೊನೆಗೆ ಇಷ್ಟೊಂದು ಜನ ತನ್ನ ತೀರ್ಮಾನವನ್ನ ದ್ವೇಷಿಸೋದು ನೋಡೋದು ಇನ್ಮೇಲೆ ಬೇಡ ಅನ್ನೋ ಅರ್ಥದಲ್ಲಿ ಬರೆದಿದ್ರು. ಮೂವತ್ತು ವರ್ಷದ ಹತ್ತಿರ ಆ ಭಾಷೆ ಸಾಕಿದ ಮನುಷ್ಯ. ಹೊಸಬರು ಬಂದು ಫಾರ್ ಲೂಪ್ ಕೇಳಿದ್ದಕ್ಕೆ ಅವರು ಸುಸ್ತಾಗಲಿಲ್ಲ, ವರ್ಷಗಟ್ಟಲೆ ಅಲ್ಲೇ ಇದ್ದವರ ಮಾತಿನ ರೀತಿಗೆ ಸುಸ್ತಾದ್ರು. 2019ರಲ್ಲಿ ಆ ಜಾಗಕ್ಕೆ ಐದು ಜನರ ಸ್ಟೀರಿಂಗ್ ಕೌನ್ಸಿಲ್ ಬಂತು, ಮೊದಲ ಕೌನ್ಸಿಲ್‌ನಲ್ಲಿ ಅವರೂ ಇದ್ರು, ವಾಲ್‌ರಸ್ ಕೂಡ ಅದೇ ಅಕ್ಟೋಬರ್‌ನಲ್ಲಿ ಪೈಥಾನ್ 3.8ರ ಜೊತೆ ಬಂತು, ಇವತ್ತು ಅದನ್ನ ಬಳಸೋರಿಗೆ ಅಷ್ಟು ಗಲಾಟೆ ಆಗಿತ್ತು ಅಂತಲೇ ಗೊತ್ತಿರಲ್ಲ.

ಹಂಗಾಗಿ ನಿಮ್ಮ ಹತ್ರ ನಂದೊಂದು ಕೋರಿಕೆ. ಜಿಐಎಲ್ ಬಗ್ಗೆ ನಿಮಗೆ ಗೊತ್ತು. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13ರಲ್ಲಿ ಜಿಐಎಲ್ ಇಲ್ಲದ ಬಿಲ್ಡ್ ಅನ್ನ ಪ್ರಯೋಗಕ್ಕೆ ಅಂತ ಕೊಟ್ಟಿದ್ರು, ಅದು ನಿಮ್ಮ ಕೆಲಸದ ಕೋಡ್‌ನಲ್ಲಿ ಏನು ಮಾಡುತ್ತೆ ಅಂತ ಓಡಿಸಿ ನೋಡಿ ಅಳತೆ ಸಮೇತ ಬರೀರಿ. ಮೊದಲ ದಿನ ಯಾರೂ ಉತ್ತರ ಕೊಡದೇ ಇರಬಹುದು. ಆಳವಾದ ಬರಹಕ್ಕೆ ಉತ್ತರ ಬರೋದೇ ನಿಧಾನ, ಯಾಕಂದ್ರೆ ಉತ್ತರ ಕೊಡೋನೂ ಓಡಿಸಿ ನೋಡ್ಬೇಕಲ್ಲ.

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಓದ್ತಿದ್ದೀನಿ, ಕನ್ನಡ ಮೀಡಿಯಂ. ಒಂದು ಸೈಟಲ್ಲಿ ಪ್ರಶ್ನೆ ಹಾಕಿದ್ದಕ್ಕೆ ಡೂಪ್ಲಿಕೇಟ್ ಅಂತ ಕ್ಲೋಸ್ ಮಾಡಿದ್ರು, ಇನ್ನೊಂದ್ ಸಲ ಮೈನಸ್ ಓಟ್ ಹಾಕಿದ್ರು, ಯಾಕಂತ ಹೇಳ್ಲಿಲ್ಲ. ನನ್ನ ಇಂಗ್ಲಿಷ್ ನೋಡಿ ಹಂಗೆ ಮಾಡಿದ್ರು ಅನ್ಸುತ್ತೆ. ಈಗ ಎಲ್ಲಾ ಎಐ ಹತ್ರನೇ ಕೇಳ್ತೀನಿ, ಅದು ಬೈಯಲ್ಲ. ಇದು ತಪ್ಪಾ?
– ಹಾವೇರಿಯಿಂದ ಒಬ್ಬ ವಿದ್ಯಾರ್ಥಿ

ಉತ್ತರ: ಖಂಡಿತ ತಪ್ಪಲ್ಲಪ್ಪ. ಯಾಕಂತ ಹೇಳದೇ ಮೈನಸ್ ಹಾಕಿ ಹೋಗೋದು ತಪ್ಪು, ಅದು ನಿನ್ನದಲ್ಲ. ನೀನು ಯಾವ ಸೈಟ್ ಅಂತ ಹೇಳಿಲ್ಲ, ಹೇಳೋದೂ ಬೇಡ, ಆದ್ರೆ ಇಂಥ ಸೈಟ್‌ಗಳು ಹೆಂಗೆ ಯೋಚಿಸ್ತವೆ ಅಂತ ಗೊತ್ತಾದ್ರೆ ನಿನ್ನ ನೋವು ಸ್ವಲ್ಪ ಕಮ್ಮಿ ಆಗುತ್ತೆ.

ಇವುಗಳಲ್ಲಿ ದೊಡ್ಡದು ಸ್ಟಾಕ್ ಓವರ್‌ಫ್ಲೋ, 2008ರಲ್ಲಿ ಜೋಯೆಲ್ ಸ್ಪೋಲ್ಸ್ಕಿ, ಜೆಫ್ ಆಟ್ವುಡ್ ಶುರು ಮಾಡಿದ್ದು. ಅದನ್ನ ಕಟ್ಟಿದ್ದೇ ಮುಂದೆ ಹುಡುಕ್ಕೊಂಡು ಬರೋ ಸಾವಿರಾರು ಜನಕ್ಕೆ ಒಂದು ಪ್ರಶ್ನೆಗೆ ಒಂದೇ ಕಡೆ ಒಳ್ಳೇ ಉತ್ತರ ಸಿಗಲಿ ಅಂತ, ಅದಕ್ಕೇ ಅಲ್ಲಿ ಡೂಪ್ಲಿಕೇಟ್ ಮುಚ್ಚೋದು, ಹರಟೆ ಅಳಿಸೋದು. ಆ ಉದ್ದೇಶ ಒಳ್ಳೇದೇ, ಅದರಿಂದ ನಮಗೆಲ್ಲ ಎಷ್ಟು ಉಪಕಾರ ಆಗಿದೆ ಅಂತ ಲೆಕ್ಕ ಇಲ್ಲ. ಆದ್ರೆ ಕೇಳೋಕೆ ಬಂದ ಹುಡುಗ ಬರೋದು ಸಹಾಯಕ್ಕೆ, ಅಲ್ಲಿರೋರು ನೋಡೋದು ಪುಟ ಸ್ವಚ್ಛ ಇದೆಯಾ ಅಂತ, ಈ ಎರಡರ ಮಧ್ಯೆ ಸಿಕ್ಕಿ ನಿನ್ನಂಥ ಎಷ್ಟೋ ಜನ ವಾಪಸ್ ಹೋದ್ರು. 2018ರ ಏಪ್ರಿಲ್‌ನಲ್ಲಿ ಆ ಕಂಪನಿಯೇ, ನಮ್ಮ ಜಾಗ ಹೊಸಬರಿಗೆ, ಹೆಣ್ಣುಮಕ್ಕಳಿಗೆ, ಬಿಳಿಯರಲ್ಲದವರಿಗೆ ಒರಟಾಗಿ ಕಾಣುತ್ತೆ, ಬದಲಾಗ್ಬೇಕು ಅಂತ ಬಹಿರಂಗವಾಗಿ ಒಪ್ಪಿಕೊಳ್ತು. ಅಂದ್ರೆ ನಿಂಗೊಬ್ಬನಿಗೇ ಆಗಿದ್ದಲ್ಲ ಇದು.

ಎಐ ವಿಷಯಕ್ಕೆ ಬರ್ತೀನಿ. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ 30ಕ್ಕೆ, ಅದಾಗಿ ವಾರ ಆಗೋಕೆ ಮುಂಚೆನೇ ಸ್ಟಾಕ್ ಓವರ್‌ಫ್ಲೋ ಅದರಿಂದ ಬರೆಸಿದ ಉತ್ತರಗಳನ್ನ ನಿಷೇಧಿಸ್ತು. ಕಾರಣ ಕೇಳು: ಉತ್ತರ ನೋಡೋಕೆ ಚೆನ್ನಾಗೇ ಇರುತ್ತೆ, ತಪ್ಪಿರೋದು ಜಾಸ್ತಿ, ಹಾಕೋಕೆ ಅರ್ಧ ನಿಮಿಷ ಸಾಕು, ಸರಿನಾ ತಪ್ಪಾ ಅಂತ ನೋಡೋಕೆ ಮಾತ್ರ ಬಲ್ಲೋರೊಬ್ಬರು ಕೂರಲೇಬೇಕು. 2023ರ ಜೂನ್‌ನಲ್ಲಿ ಇದೇ ವಿಷಯಕ್ಕೆ, ಎಐ ಬರಹ ಅಂತ ಅನುಮಾನ ಬಂದ್ರೂ ತೆಗೀಬೇಡಿ ಅನ್ನೋ ಥರದ ಕಟ್ಟಳೆ ಮೇಲಿಂದ ಬಂತು ಅಂತ, ಅಲ್ಲಿನ ಮಾಡರೇಟರ್‌ಗಳು ಮುಷ್ಕರ ಕೂಡ ಮಾಡಿದ್ರು. ಸಂಬಳ ಇಲ್ಲದೇ ಕೆಲಸ ಮಾಡೋ ಜನ ಅವರು, ಗುಣಮಟ್ಟಕ್ಕೋಸ್ಕರ ಮುಷ್ಕರ ಕೂತ್ರು ಅನ್ನೋದು ನಂಗೆ ಇವತ್ತಿಗೂ ದೊಡ್ಡ ವಿಷಯ ಅನ್ಸುತ್ತೆ.

ನೀನು ಎಐ ಹತ್ರ ಕೇಳು, ಕನ್ನಡದಲ್ಲೇ ಕೇಳು, ಅದು ಕೊಟ್ಟ ಕೋಡ್ ಓಡಿಸಿ ನೋಡು. ಆದ್ರೆ ಎಲ್ಲಾನೂ ಅಲ್ಲೇ ಮುಗಿಸಬೇಡ. ಆ ಯಂತ್ರ ಕಲಿತಿದ್ದೇ ಜನ ಬಹಿರಂಗವಾಗಿ ಕೇಳಿ ಹೇಳಿದ ಮಾತುಗಳಿಂದ, ನಿನ್ನ ಪ್ರಶ್ನೆ ನಿನ್ನ ಫೋನ್ ಒಳಗೇ ಹುಟ್ಟಿ ಅಲ್ಲೇ ಸತ್ರೆ ನಿನ್ನ ಹಿಂದೆ ಬರೋ ಹುಡುಗಿಗೆ ಏನೂ ಸಿಗಲ್ಲ. ಎಐ ಸೋತ ಪ್ರಶ್ನೆನ ಜನರ ಮುಂದೆ ತಗೊಂಡು ಹೋಗು, ಅಂಥ ಪ್ರಶ್ನೆ ಅಂದ್ರೆ ಬಲ್ಲೋರಿಗೂ ಇಷ್ಟ. ತಗೊಂಡು ಹೋಗುವಾಗ ನಿನ್ನ ಇಡೀ ಪ್ರಾಜೆಕ್ಟ್ ಹಾಕ್ಬೇಡ, ತೊಂದರೆ ಕಾಣೋಕೆ ಬೇಕಾದ ಹತ್ತು ಹದಿನೈದು ಸಾಲು ಉಳಿಸ್ಕೊಂಡು ಮಿಕ್ಕಿದ್ದೆಲ್ಲ ತೆಗಿ (ಹಿಂಗೆ ತೆಗೀತಾ ತೆಗೀತಾ ಅರ್ಧ ಸಲ ತಪ್ಪು ನಿಂಗೇ ಸಿಕ್ಕಿಬಿಡುತ್ತೆ), ಎರರ್ ಮೆಸೇಜ್ ಮೊದಲ ಸಾಲಿಂದ ಕೊನೇ ಸಾಲಿನ ತನಕ ಹಾಕು, ಫೋಟೋ ತೆಗೆದು ಹಾಕ್ಬೇಡ, ಅಕ್ಷರವಾಗೇ ಹಾಕು, ಪೈಥಾನ್ ಯಾವ ವರ್ಷನ್, ವಿಂಡೋಸಾ ಲಿನಕ್ಸಾ ಹೇಳು, ಏನಾಗುತ್ತೆ ಅಂದ್ಕೊಂಡಿದ್ದೆ, ಏನಾಯ್ತು ಅಂತ ಒಂದೊಂದು ಸಾಲು ಬರಿ. ಇಂಗ್ಲಿಷ್ ಚಿಕ್ಕ ಚಿಕ್ಕ ವಾಕ್ಯ ಸಾಕು, ಕೋಡ್ ಸರಿಯಾಗಿ ಹಾಕಿದ್ರೆ ವ್ಯಾಕರಣ ನೋಡೋರು ಕಮ್ಮಿ. ಕೊನೆಗೆ ಉತ್ತರ ಸಿಕ್ಕಿದ ಮೇಲೆ "ಸಾಲ್ವ್ ಆಯ್ತು, ಥ್ಯಾಂಕ್ಸ್" ಅಂತ ಬಿಟ್ಟು ಹೋಗ್ಬೇಡ, ಹೆಂಗೆ ಸಾಲ್ವ್ ಆಯ್ತು ಅಂತ ಬರಿ. ಎರಡು ವರ್ಷ ಬಿಟ್ಟು ಅದೇ ಎರರ್ ಹಿಡ್ಕೊಂಡು ಯಾರೋ ಬರ್ತಾರೆ.

ಪ್ರಶ್ನೆ: ಆನ್‌ಲೈನ್ ಸಾಕಾಗಿದೆ. ಎದುರುಬದುರು ಕೂತು ಮಾತಾಡೋ ಗುಂಪು ಇದೆಯಾ?
– ತುಮಕೂರಿಂದ ಒಬ್ಬ ಓದುಗರು

ಉತ್ತರ: ಬೆಂಗಳೂರಲ್ಲಿ ಬ್ಯಾಂಗ್‌ಪೈಪರ್ಸ್ ಅಂತ ಪೈಥಾನ್ ಬಳಕೆದಾರರ ಗುಂಪು ತುಂಬಾ ವರ್ಷದಿಂದ ನಡೀತಿದೆ, ಮೀಟಪ್‌ಗೆ ಯಾರು ಬೇಕಾದ್ರೂ ಹೋಗಬಹುದು. ಪೈಥಾನ್ ಸಮ್ಮೇಳನ ಪೈಕಾನ್ ಇಂಡಿಯಾ ಮೊದಲ ಸಲ ನಡೆದಿದ್ದೂ ಬೆಂಗಳೂರಲ್ಲೇ, 2009ರಲ್ಲಿ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ. ಮುಖ ನೋಡಿ ಮಾತಾಡಿದವರ ಮೇಲೆ ಆಮೇಲೆ ಆನ್‌ಲೈನ್‌ನಲ್ಲಿ ಹರಿಹಾಯೋದು ಕಷ್ಟ, ಹಂಗಾಗಿ ಆನ್‌ಲೈನ್ ಬಿಡೋಕೆ ಅಂತ ಹೋಗಬೇಡಿ, ಹೋಗಿ ಬಂದು ಅಲ್ಲೂ ಇರಿ.

ಪ್ರಶ್ನೆ: ಕನ್ನಡದಲ್ಲಿ ಕೋಡಿಂಗ್ ಕಲಿಯೋರಿಗೆ ಅಂತ ನಾವು ಕೆಲವರು ಸೇರಿ ಟೆಲಿಗ್ರಾಂ ಗ್ರೂಪ್ ಮಾಡಿದ್ವಿ. ಶುರುನಲ್ಲಿ ಚೆನ್ನಾಗಿತ್ತು. ಈಗ ಕೋರ್ಸ್ ಜಾಹೀರಾತು, ಗುಡ್ ಮಾರ್ನಿಂಗ್, ಜಾವಾ ಮೇಲಾ ಪೈಥಾನ್ ಮೇಲಾ ಅಂತ ಜಗಳ. ಕಟ್ಟುನಿಟ್ಟಾಗಿ ರೂಲ್ಸ್ ಹಾಕಿದ್ರೆ ಜನ ಬಿಟ್ಟು ಹೋಗ್ತಾರೆ ಅಂತ ಭಯ. ಏನ್ ಮಾಡೋಣ?
– ಶಿವಮೊಗ್ಗದಿಂದ ಒಬ್ಬ ಗ್ರೂಪ್ ಅಡ್ಮಿನ್

ಉತ್ತರ: ರೂಲ್ಸ್ ಇಲ್ಲದಿದ್ರೂ ಜನ ಬಿಟ್ಟು ಹೋಗ್ತಾರೆ, ಆದ್ರೆ ಹೋಗೋರು ಬೇರೆ, ಅಷ್ಟೆ. ರೂಲ್ ಹಾಕಿದ್ರೆ ಜಾಹೀರಾತು ಹಾಕೋನು ಹೋಗ್ತಾನೆ. ಹಾಕದಿದ್ರೆ ರಾತ್ರಿ ಹನ್ನೊಂದಕ್ಕೆ ಯಾರದೋ ಡೌಟ್‌ಗೆ ಉತ್ತರ ಬರೀತಿದ್ದ ಮೇಷ್ಟ್ರು ಹೋಗ್ತಾರೆ, ಅವರು ಹೇಳಿ ಹೋಗಲ್ಲ, ಮ್ಯೂಟ್ ಮಾಡ್ಕೊಂಡು ಕೂತುಬಿಡ್ತಾರೆ.

ಈ ವಿಷಯದಲ್ಲಿ ರಸ್ಟ್ ಭಾಷೆಯವರಿಂದ ಕಲಿಯೋದಿದೆ, ಒಳ್ಳೇದೂ ಕೆಟ್ಟದ್ದೂ ಎರಡೂ. ಅದನ್ನ ಶುರು ಮಾಡಿದ ಗ್ರೇಡನ್ ಹೋರ್ ಮೊದಮೊದಲೇ ನಡವಳಿಕೆಯ ನಿಯಮ ಬರೆದಿಟ್ಟಿದ್ರು, ಗಲಾಟೆ ಆದ ಮೇಲೆ ಹಾಕಿದ್ದಲ್ಲ. 2018-19ರಲ್ಲಿ ಒಂದು ಕೆಲಸ ಮುಗಿಯೋ ತನಕ ಕಾಯೋಕೆ ಹೇಳೋ ಅವೇಟ್ ಅನ್ನೋ ಪದ ಕೋಡ್‌ನಲ್ಲಿ ಮೊದಲು ಬರ್ಬೇಕಾ ಕೊನೆಗೆ ಬರ್ಬೇಕಾ ಅಂತ ದೊಡ್ಡ ಚರ್ಚೆ ಆಯ್ತು, ಚಿಹ್ನೆ ಬಗ್ಗೆ ಜಗಳ ಆಗೋಕೆ ಹೇಳಿ ಮಾಡಿಸಿದ ವಿಷಯ. ಅಲ್ಲಿನ ಲಾಂಗ್ವೇಜ್ ಟೀಮ್ ಏನು ಮಾಡ್ತು ಅಂದ್ರೆ, ಬಂದ ಎಲ್ಲಾ ಸಲಹೆಗಳನ್ನ ಒಂದೆಡೆ ಕೂರಿಸಿ, ಪ್ರತಿಯೊಂದಕ್ಕೂ ಪರ ಏನು ವಿರೋಧ ಏನು ಅಂತ ಬರೆದು ಎಲ್ಲರ ಮುಂದೆ ಇಟ್ಟು, ಆಮೇಲೆ 2019ರ ಮೇನಲ್ಲಿ ಚುಕ್ಕೆ ಹಾಕಿ ಕೊನೆಗೆ ಬರೆಯೋದು ಅಂತ ತೀರ್ಮಾನ ಹೇಳ್ತು. ಒಪ್ಪದವರು ತುಂಬಾ ಇದ್ರು, ಆದ್ರೆ ತಮ್ಮ ವಾದ ಆ ಪುಟದಲ್ಲಿ ಸರಿಯಾಗಿ ದಾಖಲಾಗಿದೆ ಅಂತ ಅವರಿಗೂ ಕಂಡಿತು. ಅವರಲ್ಲಿ ಇನ್ನೊಂದು ಪದ್ಧತಿನೂ ಇದೆ, ಬಹಿರಂಗ ಚರ್ಚೆಯಲ್ಲಿ ಬರದೇ ಇದ್ದ ಹೊಸ ಕಾರಣ ಕೊಟ್ಟು ತೀರ್ಮಾನ ಮಾಡೋ ಹಾಗಿಲ್ಲ ಅನ್ನೋದು. ನಂಗೆ ತುಂಬಾ ಹಿಡಿಸಿದ ನಿಯಮ ಇದು, ಒಳಗೊಳಗೇ ಮಾತಾಡ್ಕೊಂಡು ಬಂದು ಹೊರಗೆ ಹೇಳಿಬಿಡೋದಕ್ಕೆ ಜಾಗ ಇಲ್ಲ.

ಅಂಥ ಕಡೆಯೂ ಎಡವಿದ್ರು. 2021ರ ನವೆಂಬರ್ 22ಕ್ಕೆ ರಸ್ಟ್‌ನ ಮಾಡರೇಶನ್ ಟೀಮ್ ಪೂರ್ತಿ ರಾಜೀನಾಮೆ ಕೊಡ್ತು, ಮೇಲಿನ ಕೋರ್ ಟೀಮ್ ಯಾರಿಗೂ ಉತ್ತರ ಹೇಳೋ ಹಾಗಿಲ್ಲ, ಅವರ ಮೇಲೆ ನಿಯಮ ನಡೆಸೋಕೆ ನಮಗೆ ಆಗ್ತಿಲ್ಲ ಅಂತ. ಪೈಥಾನ್‌ನಲ್ಲೂ 2024ರ ಆಗಸ್ಟ್‌ನಲ್ಲಿ ಒಬ್ಬ ಕೋರ್ ಡೆವಲಪರ್‌ನ ಮೂರು ತಿಂಗಳು ಹೊರಗಿಟ್ರು, ಪ್ರಕಟಣೆಯಲ್ಲಿ ಹೆಸರಿರಲಿಲ್ಲ, ಆಮೇಲೆ ಅದು ಟಿಮ್‌ಸಾರ್ಟ್ ಅನ್ನೋ ಸಾರ್ಟಿಂಗ್ ವಿಧಾನ ಬರೆದ ಟಿಮ್ ಪೀಟರ್ಸ್ ಅಂತ ಗೊತ್ತಾಯ್ತು. ಕಾರಣಗಳ ಪಟ್ಟಿ ಉದ್ದ ಇತ್ತು, ಆದ್ರೆ ಯಾವ ಮಾತಿಗೆ ಯಾವ ಕಾರಣ ಅಂತ ಹೊರಗಿನೋರಿಗೆ ತಿಳಿಯೋ ಹಾಗಿರಲಿಲ್ಲ, ಅದಕ್ಕೇ ಹಳೇ ಜನ ಎಷ್ಟೋ ಮಂದಿ ವಿರೋಧಿಸಿದ್ರು. ನಂಗೆ ಇಲ್ಲಿ ಕಾಣೋದು ಇಷ್ಟು, ನಿಯಮ ಎಷ್ಟು ಕಟ್ಟುನಿಟ್ಟು ಅನ್ನೋದಕ್ಕಿಂತ ಅದನ್ನ ನಡೆಸಿದಾಗ ಯಾಕೆ ಅಂತ ಬಿಡಿಸಿ ಹೇಳಿದ್ರಾ, ಅಡ್ಮಿನ್‌ಗೂ ಅದೇ ನಿಯಮ ಇದೆಯಾ ಅನ್ನೋದು ಮುಖ್ಯ.

ನಿಮ್ಮ ಗ್ರೂಪ್‌ಗೆ: ಟೆಲಿಗ್ರಾಂನಲ್ಲಿ ಟಾಪಿಕ್ಸ್ ಆನ್ ಮಾಡಿ, ಕೆಲಸದ ಸುದ್ದಿಗೆ ಒಂದು, ಹರಟೆಗೆ ಒಂದು, ಡೌಟ್‌ಗೆ ಒಂದು. ಹರಟೆನ ಪೂರ್ತಿ ನಿಲ್ಲಿಸಬೇಡಿ, ಗುಡ್ ಮಾರ್ನಿಂಗ್ ಹಾಕೋ ಹುಡುಗನೇ ನಾಳೆ ಉತ್ತರ ಹೇಳೋನು ಆಗಬಹುದು. ಜಾಹೀರಾತು ಅಳಿಸಿದ್ರೆ ಹಾಕಿದವರಿಗೆ ಒಂದು ಸಾಲು ಕಾರಣ ಹೇಳಿ. ಜಾವಾ ಪೈಥಾನ್ ಜಗಳ ಬಂದಾಗ "ನಿಮ್ಮ ಕೆಲಸ ಏನು, ಯಾವ ಕೋಡ್, ತೋರಿಸಿ" ಅಂತ ಕೇಳಿ, ತೋರಿಸೋಕೆ ಇರೋರು ಉಳೀತಾರೆ, ಮಾತು ತಾನಾಗೇ ಗಟ್ಟಿ ಆಗುತ್ತೆ. ಇದೆಲ್ಲದಕ್ಕಿಂತ ಮುಖ್ಯ, ವಾರದಲ್ಲಿ ಬಂದ ಒಳ್ಳೇ ಉತ್ತರಗಳನ್ನ ಯಾರಾದ್ರೂ ಒಬ್ಬರು ಆರಿಸಿ ಕನ್ನಡದಲ್ಲೇ ನೀಟಾಗಿ ಬರೆದು ಪಿನ್ ಮಾಡ್ಲಿ, ಉತ್ತರ ಕೊಟ್ಟವರ ಹೆಸರು ಹಾಕಿ. ಕನ್ನಡದಲ್ಲಿ ಅಂಥ ಬರಹ ಎಷ್ಟು ಕಮ್ಮಿ ಇದೆ ಅಂತ ನಿಮಗೇ ಗೊತ್ತಲ್ಲ, ನೀವು ಸುಮ್ಮನೆ ಗ್ರೂಪ್ ಕಾಯೋ ಕೆಲಸ ಅಂದ್ಕೊಂಡಿರೋದು ನಿಜವಾಗಲೂ ದೊಡ್ಡ ಕೆಲಸ.

ಪ್ರಶ್ನೆ: ಗೋ ಭಾಷೆಯವರು ಎರರ್ ಹ್ಯಾಂಡ್ಲಿಂಗ್ ಸಿಂಟ್ಯಾಕ್ಸ್ ಬಗ್ಗೆ ಇನ್ಮೇಲೆ ಚರ್ಚೆ ಬೇಡ ಅಂತ ಮುಚ್ಚಿಬಿಟ್ರಂತೆ. ಚರ್ಚೆ ನಿಲ್ಲಿಸಿ ಗುಣಮಟ್ಟ ಉಳಿಸೋದು ಅಂದ್ರೆ ಏನರ್ಥ?
– ಮೈಸೂರಿಂದ ಒಬ್ಬ ಓದುಗರು

ಉತ್ತರ: ಮುಚ್ಚಿದ್ದು ನಿಜ, 2025ರ ಜೂನ್‌ನಲ್ಲಿ. ಆದ್ರೆ ಅದಕ್ಕೆ ಮುಂಚೆ ಏನೇನಾಯ್ತು ನೋಡಿ. ಎರರ್ ಬಂತಾ ಅಂತ ಪ್ರತಿ ಸಲ ಇಫ್ ಹಾಕಿ ನೋಡೋದು ಬೇಜಾರು ಅಂತ ಜನ ವರ್ಷಗಟ್ಟಲೆ ಹೇಳ್ತಾನೇ ಇದ್ರು, 2018ರಲ್ಲಿ ಟೀಮ್ ಒಂದು ಕರಡು ಕೊಡ್ತು, ಜಾಸ್ತಿ ಗೋಜಲಾಯ್ತು ಅಂದ್ರು, 2019ರಲ್ಲಿ ಟ್ರೈ ಅನ್ನೋ ಸರಳ ಪ್ರಸ್ತಾವನೆ ಬಂತು, ಅದರ ಕೆಳಗೆ ಹತ್ತಿರಹತ್ತಿರ 900 ಕಾಮೆಂಟ್ ಬಿದ್ದು ಕೊನೆಗೆ ವಾಪಸ್ ತಗೊಂಡ್ರು, ಆಮೇಲೆ ಪ್ರಶ್ನಾರ್ಥಕ ಚಿಹ್ನೆ ಬಳಸೋ ಇನ್ನೊಂದು ಬಂತು, ಅದಕ್ಕೂ ಒಮ್ಮತ ಬರಲಿಲ್ಲ. ಪ್ರತಿ ಸಲನೂ ಅದೇ ವಾದ, ಅದೇ ಉತ್ತರ. ಕೊನೆಗೆ ಅವರು ಏನೇನು ಪ್ರಯತ್ನ ಮಾಡಿದ್ವಿ, ಯಾಕೆ ಆಗಲಿಲ್ಲ, ಹಿಂಗೇ ಬಿಟ್ರೆ ಏನು ನಷ್ಟ ಏನು ಲಾಭ ಅಂತೆಲ್ಲ ಉದ್ದಕ್ಕೆ ಬರೆದು, ಸದ್ಯಕ್ಕೆ ಸಿಂಟ್ಯಾಕ್ಸ್ ಬದಲಾವಣೆ ಇಲ್ಲ ಅಂದ್ರು. ಇದು ಬಾಯಿ ಮುಚ್ಚಿಸಿದ್ದು ಅಂತ ನಂಗನ್ಸಲ್ಲ. ಏಳು ವರ್ಷ ಕೇಳಿಸಿಕೊಂಡು ಕಾರಣ ಕೊಟ್ಟು ತೀರ್ಮಾನ ಹೇಳಿದ್ದು.

ಅದೇ ಭಾಷೆಯಲ್ಲಿ ಜೆನೆರಿಕ್ಸ್ (ಒಂದೇ ಕೋಡ್ ಬೇರೆ ಬೇರೆ ಟೈಪ್‌ಗಳಿಗೆ ಕೆಲಸ ಮಾಡೋ ಸೌಲಭ್ಯ) ಚರ್ಚೆ ಬೇರೆ ಥರ ನಡೀತು. ಗೋ ಟೀಮ್‌ನಲ್ಲಿದ್ದ ಇಯಾನ್ ಲ್ಯಾನ್ಸ್ ಟೇಲರ್ 2010ರಿಂದಲೇ ಒಂದಾದ ಮೇಲೊಂದು ಪ್ರಸ್ತಾವನೆ ಬರೆದು, ಇದರಲ್ಲಿ ಇಂಥಿಂಥ ತೊಂದರೆ ಇದೆ ಅಂತ ಅವರೇ ಹೇಳಿ ಬದಿಗಿಟ್ಟರು, ಗೋ ಕಡೆಯವರು ಹ್ಯಾಸ್ಕೆಲ್‌ನ ವಾಡ್ಲರ್ ಹತ್ರ ಸಹಾಯ ಕೇಳಿದ್ರು, ಅವರೂ ಸಂಗಡಿಗರೂ 2020ರಲ್ಲಿ ಅದರ ಟೈಪ್ ವ್ಯವಸ್ಥೆ ಬಗ್ಗೆ ಪ್ರಬಂಧವನ್ನೇ ಬರೆದ್ರು, ಕೊನೆಗೆ 2022ರ ಮಾರ್ಚ್‌ನಲ್ಲಿ ಗೋ 1.18ರ ಜೊತೆ ಅದು ಬಂತು. ಹತ್ತು ವರ್ಷ ದಾಟಿದ್ರೂ ಪ್ರತಿ ಸುತ್ತಲ್ಲೂ ಹೊಸದೊಂದು ತಿಳಿವಳಿಕೆ ಸೇರ್ತಿತ್ತು. ಯಾವ ಚರ್ಚೆ ಮುಂದುವರಿಸಬೇಕು, ಯಾವುದನ್ನ ಮುಚ್ಚಬೇಕು ಅಂತ ನಂಗೆ ಗೊತ್ತಿರೋ ಗುರುತು ಇದೊಂದೇ.

ನಿಮಗೆ ಬಿಡುವಿದ್ರೆ ಈ ಪ್ರಸ್ತಾವನೆಗಳೆಲ್ಲ ಬಹಿರಂಗವಾಗೇ ಇವೆ, ಇಂಗ್ಲಿಷ್ ಸರಳವಾಗಿದೆ. ಟ್ರೈ ಪ್ರಸ್ತಾವನೆ ಕೆಳಗಿನ ಕಾಮೆಂಟ್‌ಗಳನ್ನ ಮೊದಲಿಂದ ಓದೋಕೆ ಹೋಗ್ಬೇಡಿ, ಅದನ್ನ ಹಿಂದೆ ತಗೊಂಡಾಗ ಗೋ ಟೀಮ್‌ನ ರಾಬರ್ಟ್ ಗ್ರೀಸೆಮರ್ ಬರೆದ ವಿವರಣೆಯಿಂದ ಶುರು ಮಾಡಿ.